ಠಾಣೆಯ ಇನ್ನೊಂದು ಬಾಗಿಲು

ನಮ್ಮ ರಾಜ್ಯದ ಪೊಲೀಸ್ ಠಾಣೆಗಳಲ್ಲಿ ‘ತೆರೆದ ಮನೆ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಸುತ್ತಲಿನ ಶಾಲೆಗಳ ಮಕ್ಕಳನ್ನು ಠಾಣೆಗೆ ಕರೆಸಿ, ದೂರನ್ನು ಹೇಗೆ ಬರೆದುಕೊಳ್ಳುತ್ತಾರೆ, ವೈರ್‌ಲೆಸ್‌ನಲ್ಲಿ ಹೇಗೆ ಮಾತನಾಡುತ್ತಾರೆ, ಲಾಕಪ್ ಹೇಗಿರುತ್ತದೆ ಎಂಬುದನ್ನೆಲ್ಲ ತೋರಿಸಿ, ಬಾಲ್ಯವಿವಾಹದ ಬಗ್ಗೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯ ಬಗ್ಗೆ ನಾಲ್ಕು ಮಾತು ಹೇಳಿ, ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ಖಾಕಿ ಕಂಡರೆ ಮಕ್ಕಳು ಹೆದರಬಾರದು ಎಂಬುದು ಅದರ ಆಶಯ. ಅದು ಒಳ್ಳೆಯ ಆಶಯವೆಂದು ನಾನು ಈಗಲೂ ನಂಬುತ್ತೇನೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ವರ್ಷಗಳಲ್ಲಿ ಎಂಟನೇ ತರಗತಿಯ ಮಕ್ಕಳನ್ನು ಸಾಲು ಮಾಡಿಸಿಕೊಂಡು, ಬಸ್ ನಿಲ್ದಾಣ ದಾಟಿಸಿ, ಠಾಣೆಯ ಮೆಟ್ಟಿಲು ಹತ್ತಿಸಿದವಳು ನಾನೇ.

ಅಂಥ ಒಂದು ಭೇಟಿಯಲ್ಲಿ, ಸಬ್ ಇನ್‌ಸ್ಪೆಕ್ಟರ್ ಮಾತು ಮುಗಿಸಿ “ಏನಾದರೂ ಕೇಳುವುದಿದ್ದರೆ ಕೇಳಿ” ಎಂದಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಪೊಲೀಸ್‌ನೋರೇ ಹಂಗ್ ಮಾಡಿದ್ರೆ ಯಾರಿಗ್ ಹೇಳ್ಬೇಕು ಸರ್?” ಎಂದು ಕೇಳಿದಳು. ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಲಧಿಕಾರಿಗಳಿಗೆ ಹೇಳಬೇಕಮ್ಮಾ” ಎಂದರು. ಅವಳು ತಲೆಯಾಡಿಸಿ ಕುಳಿತಳು. ಹಿಂತಿರುಗುವ ದಾರಿಯಲ್ಲಿ ನಾನು ಅವಳ ಪಕ್ಕದಲ್ಲೇ ನಡೆಯುತ್ತಿದ್ದರೂ ಆ ಪ್ರಶ್ನೆ ಎಲ್ಲಿಂದ ಬಂತೆಂದು ಕೇಳಲಿಲ್ಲ. ರಸ್ತೆ ದಾಟಿಸುವ ಗಡಿಬಿಡಿ ಎಂದು ಆಗ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಉತ್ತರ ಏನಾಗಿರಬಹುದೋ ಎಂಬ ಹೆದರಿಕೆಯಿತ್ತು. ಒಂದು ವಾರದ ಮೇಲೆ ಸ್ಟಾಫ್ ರೂಮಿಗೆ ಕರೆದು ಕೇಳಿದಾಗ ಅವಳು, “ಸುಮ್ನೆ ಕೇಳ್ದೆ ಟೀಚರ್” ಎಂದಳು. ಅದು ಸುಮ್ಮನೆ ಕೇಳಿದ ಪ್ರಶ್ನೆಯೇ ಇದ್ದಿರಬಹುದು. ಆದರೆ ಆ ಒಂದು ವಾರವನ್ನು ನಾನು ಅವಳಿಗೆ ಹಿಂದಕ್ಕೆ ಕೊಡಲಾರೆ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಪೊಲೀಸರ ಬಗ್ಗೆ ಎರಡು ಮಾತು ಹೇಳುತ್ತೇವೆ. ಊಟ ಮಾಡದಿದ್ದರೆ ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ ಎಂಬುದು ಮೊದಲನೆಯದು, ಜಾತ್ರೆಯಲ್ಲಿ ಕೈ ತಪ್ಪಿದರೆ ಪೊಲೀಸಿನವರ ಹತ್ತಿರ ಹೋಗಿ ನಿಂತುಕೋ ಎಂಬುದು ಎರಡನೆಯದು. ಹೀಗೆ ಮಗುವಿನ ಮನಸ್ಸಿನಲ್ಲಿ ಒಂದೇ ಸಮವಸ್ತ್ರದ ಮೇಲೆ ಭಯವೂ ನಂಬಿಕೆಯೂ ಒಟ್ಟಿಗೆ ಕೂರುತ್ತವೆ. ಆ ಸಮವಸ್ತ್ರದೊಳಗೆ ಕೆಟ್ಟ ಮನುಷ್ಯನಿದ್ದರೆ ಅವನಿಗೆ ಎರಡೂ ಉಪಯೋಗಕ್ಕೆ ಬರುತ್ತವೆ: ನಂಬಿಕೆಯಿಂದ ಮಗುವನ್ನು ಹತ್ತಿರ ಕರೆಯುತ್ತಾನೆ, ಭಯದಿಂದ ಅದರ ಬಾಯಿ ಮುಚ್ಚಿಸುತ್ತಾನೆ. ಮನೆಯವರಿಂದಲೋ ನೆರೆಯವರಿಂದಲೋ ಶಿಕ್ಷಕರಿಂದಲೋ ಕಿರುಕುಳವಾದಾಗ ಪೊಲೀಸರಿದ್ದಾರೆ ಎಂದು ಹೇಳಲಾದರೂ ಆಗುತ್ತದೆ. ಪೊಲೀಸನಿಂದಲೇ ಆದಾಗ ಮಗುವಿಗಾದ ನೋವಿನ ಜೊತೆಗೆ ಆ ನೋವನ್ನು ಹೇಳಿಕೊಳ್ಳುವ ಜಾಗವೂ ಅದೇ ಗಳಿಗೆಯಲ್ಲಿ ಹೋಗುತ್ತದೆ. ಹಾಗಾಗಿ ಈ ವಿಷಯವನ್ನು ಇತರ ಅಪರಾಧಗಳ ಪಟ್ಟಿಯಲ್ಲಿ ಇನ್ನೊಂದು ಎಂದು ಬರೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

“ಮೇಲಧಿಕಾರಿಗಳಿಗೆ ಹೇಳಬೇಕು” ಎಂಬ ಉತ್ತರ ಕೇಳಿದ ದಿನದಿಂದ ನನ್ನ ತಲೆಯಲ್ಲಿ ತಿರುಗುತ್ತಿದ್ದುದು ಹರಿಯಾಣದ ಪಂಚಕುಲದ ಪ್ರಕರಣ. ಅಲ್ಲಿ ತಪ್ಪು ಮಾಡಿದವನೇ ಮೇಲಧಿಕಾರಿಯಾಗಿದ್ದ. 1990ರ ಆಗಸ್ಟ್ 12ರಂದು ಟೆನಿಸ್ ಆಡುತ್ತಿದ್ದ 14 ವರ್ಷದ ಬಾಲಕಿಯೊಬ್ಬಳು, ತನ್ನ ಗೆಳತಿಯ ಜೊತೆ, ಹರಿಯಾಣ ಲಾನ್ ಟೆನಿಸ್ ಸಂಸ್ಥೆಯ ಅಧ್ಯಕ್ಷರ ಕಚೇರಿಗೆ ಹೋದಳು. ಆ ಕಚೇರಿ ಇದ್ದದ್ದು ಅಧ್ಯಕ್ಷರ ಮನೆಯ ಗ್ಯಾರೇಜಿನಲ್ಲಿ, ಅಧ್ಯಕ್ಷರು ಎಸ್.ಪಿ.ಎಸ್. ರಾಠೋಡ್, ಐಜಿ, ಅಂದರೆ ಇನ್‌ಸ್ಪೆಕ್ಟರ್ ಜನರಲ್ ದರ್ಜೆಯ ಪೊಲೀಸ್ ಅಧಿಕಾರಿ. ವಿಶೇಷ ತರಬೇತಿ ಕೊಡಿಸುವ ಮಾತನ್ನು ಅದರ ಹಿಂದಿನ ದಿನವೇ ಹುಡುಗಿಯ ಮನೆಗೆ ಹೋಗಿ ಅವಳ ತಂದೆಗೆ ಹೇಳಿ ಬಂದಿದ್ದರು. ಕೋಚ್‌ನನ್ನು ಕರೆದು ತಾ ಎಂದು ಗೆಳತಿಯನ್ನು ಹೊರಗೆ ಕಳಿಸಿ, ಆ ನಡುವಿನ ಕೆಲವು ನಿಮಿಷಗಳಲ್ಲಿ ಅವರು ಮಗುವಿಗೆ ಲೈಂಗಿಕ ಕಿರುಕುಳ ಕೊಟ್ಟರು. ಹಿಂತಿರುಗಿ ಬಂದ ಗೆಳತಿ ಅದನ್ನು ಕಣ್ಣಾರೆ ಕಂಡಳು.

ಎರಡು ದಿನ ಬಿಟ್ಟು ಮಕ್ಕಳು ಮನೆಯಲ್ಲಿ ಹೇಳಿದರು, ಬಡಾವಣೆಯವರು ಒಟ್ಟುಗೂಡಿದರು, ರಾಜ್ಯ ಸರ್ಕಾರಕ್ಕೆ ಮನವಿ ಹೋಯಿತು. ಆಗಿನ ಪೊಲೀಸ್ ಮಹಾನಿರ್ದೇಶಕ ಆರ್.ಆರ್. ಸಿಂಗ್ ಅವರಿಗೆ ವಿಚಾರಣೆ ವಹಿಸಲಾಯಿತು. ಅವರು ತಮ್ಮದೇ ಇಲಾಖೆಯ ಹಿರಿಯ ಅಧಿಕಾರಿಯ ವಿರುದ್ಧ, ಮೂರು ವಾರಗಳ ಒಳಗೆ, ಸೆಪ್ಟೆಂಬರ್ 3ರಂದು, ಮಕ್ಕಳ ಮಾತು ನಂಬಲರ್ಹವಾಗಿದೆ, ಪ್ರಕರಣ ದಾಖಲಿಸಬೇಕು ಎಂದು ವರದಿ ಕೊಟ್ಟರು. ಈ ಕಥೆಯನ್ನು ಹೇಳುವವರು ಬಹಳ ಸಲ ಈ ಭಾಗವನ್ನು ಹಾರಿಸಿಬಿಡುತ್ತಾರೆ. ನಾನು ಬೇಕೆಂದೇ ಇಲ್ಲಿ ನಿಲ್ಲುತ್ತೇನೆ. ಮೇಲಧಿಕಾರಿಗೆ ಹೇಳಿದ್ದಾಗಿತ್ತು, ಆ ಮೇಲಧಿಕಾರಿ ಪ್ರಾಮಾಣಿಕನಾಗಿದ್ದ, ತನ್ನ ಕೆಲಸವನ್ನು ತಡಮಾಡದೆ ಮಾಡಿದ್ದ. ಇಷ್ಟೆಲ್ಲ ಆದ ಮೇಲೂ ಎಫ್‌ಐಆರ್ ದಾಖಲಾಗಲಿಲ್ಲ. ವರದಿ ಕಡತದಲ್ಲಿ ಉಳಿಯಿತು, ಮುಖ್ಯಮಂತ್ರಿಗಳು ಬದಲಾದರು, ಮಗು ಮಾತ್ರ ಅದೇ ಊರಿನಲ್ಲಿ ಇತ್ತು.

ಅದೇ ಸೆಪ್ಟೆಂಬರ್ ತಿಂಗಳಲ್ಲಿ ಶಾಲೆಯವರು ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದರು. ಫೀಸು ಕಟ್ಟಿಲ್ಲ ಎಂಬುದು ಅವರು ಕೊಟ್ಟ ಕಾರಣ. ಶಿಕ್ಷಕಿಯಾಗಿ ನನಗೆ ಈ ಇಡೀ ಪ್ರಕರಣದಲ್ಲಿ ಎಂದಿಗೂ ಅರಗದ ಸಂಗತಿ ಇದು, ಏಕೆಂದರೆ ಫೀಸು ತಡವಾದ ಎಷ್ಟು ಮಕ್ಕಳನ್ನು ನಾವು ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎಂದು ಕೂರಿಸಿಕೊಂಡಿರುತ್ತೇವೆಂಬುದು ಶಾಲೆ ನಡೆಸುವವರಿಗೆಲ್ಲ ಗೊತ್ತು. ಮುಂದೆ ಅವಳ ಸಹೋದರನ ಮೇಲೆ ಒಂದರ ಹಿಂದೆ ಒಂದರಂತೆ ಕಾರು ಕಳವಿನ ಮೊಕದ್ದಮೆಗಳು ಬಿದ್ದವು. ಪೊಲೀಸರು ಅವನನ್ನು ಹಿಡಿದು ಹೊಡೆದರೆಂದು ಕುಟುಂಬದವರು ಹೇಳಿದರು. ಆ ಮೊಕದ್ದಮೆಗಳಲ್ಲಿ ಒಂದೂ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 1993ರ ಡಿಸೆಂಬರ್ 28ರಂದು ಹುಡುಗಿ ವಿಷ ಕುಡಿದಳು, ಮರುದಿನ ತೀರಿಕೊಂಡಳು. ರಾಠೋಡ್‌ಗೆ ಬಡ್ತಿಗಳು ಬರುತ್ತಲೇ ಇದ್ದವು. 1999ರಲ್ಲಿ ಅವರು ಹರಿಯಾಣದ ಪೊಲೀಸ್ ಮಹಾನಿರ್ದೇಶಕರಾದರು. ಅಂದರೆ, ಯಾವ ಕುರ್ಚಿಯಿಂದ ಅವರ ವಿರುದ್ಧದ ವರದಿ ಹೊರಟಿತ್ತೋ ಅದೇ ಕುರ್ಚಿಯಲ್ಲಿ ಅವರೇ ಕುಳಿತರು.

ಎಫ್‌ಐಆರ್ ದಾಖಲಾದದ್ದು 1999ರ ಡಿಸೆಂಬರ್ ಕೊನೆಯಲ್ಲಿ, ಘಟನೆ ನಡೆದು ಒಂಬತ್ತು ವರ್ಷ ಕಳೆದ ಮೇಲೆ. ಅದೂ ಗೆಳತಿಯ ತಂದೆ-ತಾಯಿ ಹೈಕೋರ್ಟಿಗೆ ಹೋಗಿ, ಹೈಕೋರ್ಟು ಸಿಬಿಐ ತನಿಖೆಗೆ ಆದೇಶಿಸಿ, ಆ ಆದೇಶವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ. 2009ರ ಡಿಸೆಂಬರ್ 21ರಂದು ಶಿಕ್ಷೆಯಾಯಿತು: ಆರು ತಿಂಗಳ ಸಜೆ, 1,000 ರೂಪಾಯಿ ದಂಡ. ಅಂದು ನ್ಯಾಯಾಲಯದಿಂದ ಹೊರಬರುವಾಗ ರಾಠೋಡ್ ನಗುತ್ತಿದ್ದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು, ಆ ನಗು ಜನರನ್ನು ಕೆರಳಿಸಿತು. 2010ರಲ್ಲಿ ಮೇಲ್ಮನವಿಯ ಹಂತದಲ್ಲಿ ಸಜೆ 18 ತಿಂಗಳಿಗೆ ಏರಿತು. 2016ರಲ್ಲಿ ಸುಪ್ರೀಂ ಕೋರ್ಟು ಅಪರಾಧ ಸಾಬೀತಾಗಿದೆ ಎಂಬುದನ್ನು ಉಳಿಸಿಕೊಂಡು, ಅವರ ಇಳಿವಯಸ್ಸನ್ನು ಗಮನಿಸಿ, ಅದಾಗಲೇ ಅನುಭವಿಸಿದ್ದ ಸುಮಾರು ಆರು ತಿಂಗಳಿಗೇ ಶಿಕ್ಷೆಯನ್ನು ಇಳಿಸಿತು. ಅಪರಾಧಿಗೆ ಇಳಿವಯಸ್ಸು ಬರುವಷ್ಟು ದೀರ್ಘಕಾಲ ಮೊಕದ್ದಮೆ ನಡೆದದ್ದು ಯಾರ ತಪ್ಪಿನಿಂದ ಎಂಬ ಪ್ರಶ್ನೆಯನ್ನು ನಾನು ಕಾನೂನು ಬಲ್ಲವರಿಗೆ ಬಿಡುತ್ತೇನೆ. ನನ್ನ ಮನಸ್ಸು ಹೋಗುವುದು ಆ ಗೆಳತಿಯ ಕಡೆಗೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಹೇಳಲು ಅವಳು ದೊಡ್ಡವಳಾಗಿ, ಮದುವೆಯಾಗಿ, ಸಂಸಾರ ಕಟ್ಟಿಕೊಂಡ ಮೇಲೂ ಮತ್ತೆ ಮತ್ತೆ ನ್ಯಾಯಾಲಯಕ್ಕೆ ಬಂದಳು. ಅವಳಿಲ್ಲದಿದ್ದರೆ ಆ ಆರು ತಿಂಗಳೂ ಇರುತ್ತಿರಲಿಲ್ಲ.

ಇದಕ್ಕಿಂತ ಹಳೆಯ ಇನ್ನೊಂದು ಪ್ರಕರಣವನ್ನು ಕಾನೂನು ಓದಿದವರೆಲ್ಲ ಬಲ್ಲರು. 1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ, ಹೇಳಿಕೆ ಕೊಡಲೆಂದು ಬಂದಿದ್ದ ಆದಿವಾಸಿ ಹುಡುಗಿಯನ್ನು, ಜೊತೆಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಒಳಗೇ ಇರಿಸಿಕೊಂಡರು. ವೈದ್ಯರ ಅಂದಾಜಿನಲ್ಲಿ ಅವಳ ವಯಸ್ಸು 14ರಿಂದ 16. ಇಬ್ಬರು ಕಾನ್‌ಸ್ಟೇಬಲ್‌ಗಳ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಸೆಷನ್ಸ್ ನ್ಯಾಯಾಲಯ ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಕೂಗಿಕೊಂಡಳು ಎಂಬುದು ನಂಬುವಂತಿಲ್ಲ ಎಂಬುದು ತೀರ್ಪಿನ ತರ್ಕವಾಗಿತ್ತು. ಮುಂದಿನ ವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ರಾತ್ರಿ ಹೊತ್ತು ಬಾಗಿಲು ಹಾಕಿದ ಠಾಣೆಯೊಳಗೆ ಸುಮ್ಮನಿದ್ದದ್ದನ್ನು ಒಪ್ಪಿಗೆಯೆಂದು ಎಣಿಸಬಹುದೇ ಎಂಬುದು ಅದರ ತಿರುಳು. ಊರೂರಿನಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಗಿ, ವಶದಲ್ಲಿರುವವರ ಮೇಲೆ ಪೊಲೀಸರು ನಡೆಸುವ ಅತ್ಯಾಚಾರ ಪ್ರತ್ಯೇಕ, ಹೆಚ್ಚು ಗಂಭೀರ ಅಪರಾಧವಾಯಿತು. ಒಪ್ಪಿಗೆಯಿರಲಿಲ್ಲ ಎಂದು ಸಂತ್ರಸ್ತೆ ಹೇಳಿದರೆ ನ್ಯಾಯಾಲಯ ಅದನ್ನು ನಂಬಿ ಮುಂದುವರಿಯಬೇಕು ಎಂಬ ನಿಯಮವೂ ಬಂತು.

ಮಕ್ಕಳಿಗೆಂದೇ ಪ್ರತ್ಯೇಕ ಕಾಯ್ದೆ ಬರಲು ಮತ್ತೆ 29 ವರ್ಷ ಬೇಕಾಯಿತು. 2012ರ ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ಪೋಕ್ಸೊ ಜಾರಿಗೆ ಬಂತು. ಶಾಲೆಗಳಲ್ಲಿ ನಮಗೆ ಅದರ ತರಬೇತಿ ಕೊಟ್ಟಾಗ, ಗೊತ್ತಿದ್ದೂ ದೂರು ಕೊಡದಿದ್ದರೆ ನಿಮಗೇ ಜೈಲು ಎಂಬುದನ್ನು ಒತ್ತಿ ಒತ್ತಿ ಹೇಳಿದ್ದರು. ಉಳಿದದ್ದನ್ನು ನಾನು ಆಮೇಲೆ ಒಬ್ಬಳೇ ಕುಳಿತು ಓದಿಕೊಂಡೆ. 5ನೇ ಕಲಂ ಹೆಚ್ಚು ಘೋರವಾದ ಅಪರಾಧಗಳನ್ನು ಪಟ್ಟಿ ಮಾಡುತ್ತದೆ, ಅದರ ಮೊಟ್ಟಮೊದಲ ಸಾಲಿನಲ್ಲೇ ಪೊಲೀಸ್ ಅಧಿಕಾರಿ ಇದ್ದಾನೆ. ತನ್ನ ಠಾಣೆಯ ವ್ಯಾಪ್ತಿಯಲ್ಲಿ ಮಾಡಿದರೆ, ಯಾವುದೇ ಠಾಣೆಯ ಆವರಣದಲ್ಲಿ ಮಾಡಿದರೆ, ಕರ್ತವ್ಯದ ಮೇಲಿದ್ದಾಗ ಅಥವಾ ಇಲ್ಲದಿದ್ದಾಗ ಮಾಡಿದರೆ ಎಂದು ಹೇಳುತ್ತಾ ಬಂದು, ಕೊನೆಗೆ ‘ಪೊಲೀಸ್ ಅಧಿಕಾರಿ ಎಂದು ಪರಿಚಿತನಾಗಿರುವಲ್ಲಿ ಅಥವಾ ಗುರುತಿಸಲ್ಪಡುವಲ್ಲಿ’ ಮಾಡಿದರೆ ಎಂಬ ಮಾತನ್ನೂ ಕಾಯ್ದೆ ಸೇರಿಸುತ್ತದೆ. ಇದನ್ನು ಬರೆದವರಿಗೆ ಮಕ್ಕಳ ಮನಸ್ಸು ಗೊತ್ತಿತ್ತು ಎಂದು ನನಗೆ ಅನಿಸುತ್ತದೆ. ರಜೆಯಲ್ಲಿರುವ ಪೊಲೀಸನೂ ಆ ಬೀದಿಯ ಮಗುವಿಗೆ ಪೊಲೀಸನೇ. ಅವನು ಲುಂಗಿಯುಟ್ಟು ಜಗಲಿಯ ಮೇಲೆ ಕುಳಿತಿದ್ದರೂ ಮಗು ಅವನಲ್ಲಿ ಲಾಠಿಯನ್ನೇ ಕಾಣುತ್ತದೆ. 2019ರ ತಿದ್ದುಪಡಿಯ ನಂತರ ಇಂಥ ಅಪರಾಧಕ್ಕೆ ಕನಿಷ್ಠ 20 ವರ್ಷ ಸಜೆ, ಮರಣದಂಡನೆಯವರೆಗೂ ಹೋಗಬಹುದು.

24ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಬರೆದುಕೊಳ್ಳುವಾಗ ಸಮವಸ್ತ್ರ ಧರಿಸಿರಬಾರದು, ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ತಂದೆ-ತಾಯಿ ಅಥವಾ ಮಗು ನಂಬುವ ಬೇರೆ ಯಾರಾದರೂ ಆ ಹೊತ್ತಿನಲ್ಲಿ ಜೊತೆಗಿರಬೇಕು ಎಂದು 26ನೇ ಕಲಂ ಹೇಳುತ್ತದೆ. ದೇಸಾಯಿಗಂಜಿನ ಆ ರಾತ್ರಿಯನ್ನು ಎದುರಿಗಿಟ್ಟುಕೊಂಡು ಈ ಸಾಲುಗಳನ್ನು ಓದಿದರೆ, ಒಂದೊಂದು ನಿಯಮದ ಹಿಂದೆಯೂ ಅದನ್ನು ಅನುಭವಿಸಿದ ಒಬ್ಬೊಬ್ಬ ಹುಡುಗಿ ನಿಂತಿರುವಂತೆ ಕಾಣುತ್ತದೆ.

ಇಷ್ಟಾದರೂ 2022ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಲಲಿತಪುರ ಜಿಲ್ಲೆಯ ಪಾಲಿ ಠಾಣೆಯಿಂದ ಬಂದ ಸುದ್ದಿ ನಮ್ಮನ್ನು ಮತ್ತೆ 1972ಕ್ಕೇ ಕೊಂಡೊಯ್ದಿತು. ನಾಲ್ವರು ಅಪಹರಿಸಿ ಅತ್ಯಾಚಾರ ಮಾಡಿದ್ದರೆಂಬ 13 ವರ್ಷದ ಹುಡುಗಿಯನ್ನು ಹೇಳಿಕೆಗೆಂದು ಠಾಣೆಗೆ ಕರೆಸಿದಾಗ ಠಾಣಾಧಿಕಾರಿಯೇ ಅತ್ಯಾಚಾರವೆಸಗಿದ ಎಂಬುದು ಆರೋಪ. ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಮಕ್ಕಳ ಸಹಾಯವಾಣಿಯ ಆಪ್ತಸಮಾಲೋಚಕರ ಮುಂದೆ; ಅಲ್ಲಿಂದ ವಿಷಯ ಜಿಲ್ಲಾ ವರಿಷ್ಠಾಧಿಕಾರಿಗೆ ಹೋಗಿ ಪ್ರಕರಣ ದಾಖಲಾಯಿತು, ಠಾಣಾಧಿಕಾರಿಯ ಬಂಧನವಾಯಿತು, ಆ ಠಾಣೆಯ 29 ಸಿಬ್ಬಂದಿಯನ್ನೂ ಅಲ್ಲಿಂದ ತೆಗೆಯಲಾಯಿತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯ ಹೇಳಬೇಕು. ಹೇಳಿಕೆಯನ್ನು ಠಾಣೆಯ ಹೊರಗೆ ಬರೆದುಕೊಳ್ಳಿ ಎಂದು ಕಾಯ್ದೆ ಹೇಳಿ ಒಂಬತ್ತು ವರ್ಷ ಕಳೆದಿದ್ದರೂ ಆ ಮಗುವನ್ನು ಹೇಳಿಕೆಗಾಗಿ ಠಾಣೆಗೇ ಏಕೆ ಕರೆಸಿದರು ಎಂದು ಕೇಳಲು ಮಾತ್ರ ತೀರ್ಪಿನವರೆಗೆ ಕಾಯಬೇಕಾಗಿಲ್ಲ.

ಮೊದಲೇ ಒಮ್ಮೆ ನೊಂದ ಮಗುವನ್ನೇ ಆರಿಸಿಕೊಳ್ಳುವುದು ಬೇರೆ ದೇಶಗಳಲ್ಲಿಯೂ ಕಾಣುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 2020ರಲ್ಲಿ, ಅತ್ಯಾಚಾರಕ್ಕೊಳಗಾದ 14 ವರ್ಷದ ಬಾಲಕಿಯನ್ನು ವೈದ್ಯಕೀಯ ಪರೀಕ್ಷೆಗೆ ಕರೆದೊಯ್ದ ಪೊಲೀಸ್ ಅಧಿಕಾರಿ, ಏನಾದರೂ ಬೇಕಿದ್ದರೆ ಫೋನು ಮಾಡು ಎಂದು ತನ್ನ ನಂಬರು ಕೊಟ್ಟು, ತಿಂಗಳುಗಟ್ಟಲೆ ಆ ಮನೆಗೆ ಓಡಾಡಿ, ಅವಳ ಮೇಲೆ ದೌರ್ಜನ್ಯ ನಡೆಸಿದ. ಇಲಾಖೆಗೆ ದೂರು ಮುಟ್ಟಿದ ಮೇಲೆ ಅವನನ್ನು ಬಂಧಿಸಲು ಇನ್ನೂ ಕೆಲವು ದಿನ ಹಿಡಿಯಿತು, ಆ ದಿನಗಳಲ್ಲೇ ಅವನು ಮತ್ತೊಮ್ಮೆ ಅವಳನ್ನು ಮುಟ್ಟಿದ. 2023ರಲ್ಲಿ ಅವನಿಗೆ 14 ವರ್ಷ ಸಜೆಯಾಯಿತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2024ರಲ್ಲಿ ಪ್ರಕಟಿಸಿದ ತನಿಖೆಯ ಪ್ರಕಾರ, 2005ರಿಂದ 2022ರವರೆಗಿನ ಅವಧಿಯಲ್ಲಿ ಆ ದೇಶದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಆರೋಪ ಹೊತ್ತ ಪೊಲೀಸರು ಕಡಿಮೆಯೆಂದರೂ 1,800 ಮಂದಿ. ಬ್ರಿಟನ್ನಿನ ಸೌತ್ ವೇಲ್ಸ್‌ನಲ್ಲಿ 2021ರಲ್ಲಿ ಕೆಲಸಕ್ಕೆ ಸೇರಿದ್ದ ಯುವ ಪೊಲೀಸನೊಬ್ಬ ಹುಡುಗನಂತೆ ನಟಿಸಿ, ಮೊಬೈಲಿನಲ್ಲಿ 10ರಿಂದ 16 ವರ್ಷದ 200ಕ್ಕೂ ಹೆಚ್ಚು ಬಾಲಕಿಯರನ್ನು ಬಲೆಗೆ ಕೆಡವಿ ಬೆದರಿಸಿದ್ದ. 2023ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಬಡತನ, ಅನಕ್ಷರತೆ, ಸಂಬಳ ಸಾಲದು ಎಂಬಂಥ ನಮ್ಮ ಎಂದಿನ ವಿವರಣೆಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

“ಒಬ್ಬಿಬ್ಬರು ಮಾಡಿದ್ದಕ್ಕೆ ಇಡೀ ಇಲಾಖೆಗೆ ಕೆಟ್ಟ ಹೆಸರು” ಎಂಬ ಮಾತನ್ನು ಇಂಥ ಸುದ್ದಿ ಬಂದಾಗಲೆಲ್ಲ ಕೇಳುತ್ತೇವೆ. ಅದರಲ್ಲಿ ಒಂದು ಸತ್ಯವಿದೆ. ನನ್ನ ವಿದ್ಯಾರ್ಥಿಗಳಲ್ಲಿ ಐದಾರು ಮಂದಿ ಪೊಲೀಸರಾಗಿದ್ದಾರೆ. ಹಬ್ಬದ ದಿನವೂ ಬಂದೋಬಸ್ತಿಗೆ ನಿಂತು, ಮಕ್ಕಳ ಮುಖ ನೋಡದೆ ದುಡಿಯುವ ಅವರ ಮುಂದೆ ಈ ವಿಷಯ ಎತ್ತಲು ನನಗೆ ಸಂಕೋಚವಾಗುತ್ತದೆ. ಹೀಗಿದ್ದೂ ಅವರಲ್ಲೊಬ್ಬ, ಈಗ ಹೆಡ್ ಕಾನ್‌ಸ್ಟೇಬಲ್ ಆಗಿರುವವನು, ಒಮ್ಮೆ ಮನೆಗೆ ಬಂದಾಗ ತಾನಾಗಿ ಹೇಳಿದ: “ಟೀಚರ್, ಯಾರ್ ಎಂಥೋರು ಅಂತ ಠಾಣೇಲಿ ಎಲ್ಲಾರ್ಗೂ ಗೊತ್ತಿರುತ್ತೆ. ಯಾರೂ ಬರ್ದು ಕೊಡಲ್ಲ.” ಏಕೆ ಎಂದರೆ ಕಾರಣಗಳನ್ನು ಬೆರಳು ಮಡಿಸಿ ಎಣಿಸಿದ. ರಜೆ ಸಿಗುವುದಿಲ್ಲ, ದೂರದ ಠಾಣೆಗೆ ಎತ್ತಿಹಾಕುತ್ತಾರೆ, ಹಳೆಯದೇನನ್ನೋ ಹುಡುಕಿ ಮೆಮೊ ಕೊಡುತ್ತಾರೆ, ಜೊತೆಯವರು ಮಾತು ಬಿಡುತ್ತಾರೆ. ಅವನು ಅದನ್ನು ಸಮರ್ಥನೆಗೆಂದು ಹೇಳಲಿಲ್ಲ, ನಾನು ಅವನನ್ನು ಬೈಯಲೂ ಇಲ್ಲ. ಅವನು ಹೋದ ಮೇಲೆ ಬಹಳ ಹೊತ್ತು ಆ ಕುರ್ಚಿಯನ್ನೇ ನೋಡುತ್ತ ಕುಳಿತಿದ್ದೆ.

ಮಕ್ಕಳನ್ನು ಕೆಡಿಸುವ ಒಬ್ಬಿಬ್ಬರು ಎಲ್ಲ ಕಸುಬುಗಳಲ್ಲೂ ಇರುತ್ತಾರೆ, ನನ್ನ ಕಸುಬಿನಲ್ಲೂ ಇದ್ದಾರೆ. ಅವರು ವರ್ಷಗಟ್ಟಲೆ ಉಳಿಯುವುದು ಅವರ ಸುತ್ತಲಿರುವ, ಸ್ವತಃ ಯಾವ ಮಗುವನ್ನೂ ಮುಟ್ಟದ, ಬಹಳ ಮಂದಿಯ ಸಹಾಯದಿಂದ. ಜಮ್ಮುವಿನ ಕಠುವಾದಲ್ಲಿ 2018ರಲ್ಲಿ ನಡೆದ ಎಂಟು ವರ್ಷದ ಬಾಲಕಿಯ ಅತ್ಯಾಚಾರ ಮತ್ತು ಕೊಲೆಯ ಪ್ರಕರಣದಲ್ಲಿ ಪಠಾಣ್‌ಕೋಟ್ ನ್ಯಾಯಾಲಯ 2019ರ ಜೂನ್ 10ರಂದು ತೀರ್ಪು ಕೊಟ್ಟಾಗ, ಶಿಕ್ಷೆಯಾದ ಆರು ಮಂದಿಯಲ್ಲಿ ನಾಲ್ವರು ಪೊಲೀಸ್ ಇಲಾಖೆಗೆ ಸೇರಿದವರಾಗಿದ್ದರು. ವಿಶೇಷ ಪೊಲೀಸ್ ಅಧಿಕಾರಿಯೊಬ್ಬನಿಗೆ ಜೀವಾವಧಿ ಶಿಕ್ಷೆಯಾಯಿತು. ಉಳಿದ ಮೂವರಿಗೆ ಐದೈದು ವರ್ಷ ಸಜೆಯಾದದ್ದು ಸಾಕ್ಷ್ಯ ನಾಶ ಮಾಡಿದ್ದಕ್ಕೆ. ಅವರಲ್ಲೊಬ್ಬ ಸಬ್ ಇನ್‌ಸ್ಪೆಕ್ಟರ್, ಒಬ್ಬ ಹೆಡ್ ಕಾನ್‌ಸ್ಟೇಬಲ್. ಪಂಚಕುಲದಲ್ಲಿ ಇಂಥವರ ಹೆಸರುಗಳು ತೀರ್ಪಿನಲ್ಲಿ ಬರಲೇ ಇಲ್ಲ. ಒಂಬತ್ತು ವರ್ಷ ಆ ಕಡತವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿಸಿದವರೆಲ್ಲ ತಮ್ಮ ತಮ್ಮ ನಿವೃತ್ತಿ ವೇತನ ಪಡೆದರು.

ಆದ್ದರಿಂದ ಶಿಕ್ಷೆಯ ಪ್ರಮಾಣಕ್ಕಿಂತ, ಮಗು ಬಾಯಿ ತೆರೆದ ಗಳಿಗೆಯಿಂದ ಅದು ಕಾಗದಕ್ಕೆ ಇಳಿಯುವವರೆಗಿನ ಅವಧಿಯ ಬಗ್ಗೆ ನನಗೆ ಹೆಚ್ಚು ಚಿಂತೆ. ಪೋಕ್ಸೊದ 19ನೇ ಕಲಂ ಪ್ರಕಾರ, ವಿಷಯ ತಿಳಿದವರು ಅದನ್ನು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು. ಎಂದರೆ, 5ನೇ ಕಲಂನ ಮೊದಲ ಸಾಲಿನಲ್ಲಿ ಯಾರನ್ನು ಸಂಭಾವ್ಯ ಅಪರಾಧಿಯೆಂದು ಹೆಸರಿಸಿದೆಯೋ, 19ನೇ ಕಲಂನಲ್ಲಿ ಅವರ ಬಾಗಿಲಿಗೇ ಹೋಗು ಎನ್ನುತ್ತದೆ. ನನ್ನ ವಿದ್ಯಾರ್ಥಿನಿ ಕಾಯ್ದೆಯನ್ನು ಓದದೆಯೇ ಈ ಬಿರುಕನ್ನು ಕಂಡಿದ್ದಳು. ಕಾಯ್ದೆ ಇದನ್ನು ಪೂರ್ತಿ ಮರೆತಿಲ್ಲ. ದೂರು ಪಡೆದ ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಕಳಿಸಬೇಕು. ದೂರನ್ನು ದಾಖಲಿಸಿಕೊಳ್ಳದಿರುವುದೇ 21ನೇ ಕಲಂ ಪ್ರಕಾರ ಅಪರಾಧ. ಎಲ್ಲಕ್ಕಿಂತ ಮುಖ್ಯವಾಗಿ, 33ನೇ ಕಲಂ ಪ್ರಕಾರ ವಿಶೇಷ ನ್ಯಾಯಾಲಯ ಪೊಲೀಸ್ ವರದಿಗಾಗಿ ಕಾಯದೆ, ನೇರವಾಗಿ ಬಂದ ದೂರಿನ ಮೇಲೆಯೇ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು. ಈ ಕೊನೆಯ ಬಾಗಿಲಿನ ಬಗ್ಗೆ ಯಾವ ತರಬೇತಿಯಲ್ಲೂ ನಮಗೆ ಯಾರೂ ಹೇಳಿರಲಿಲ್ಲ.

ಕಾಯ್ದೆಯ ಹೊರಗೂ ಕೆಲವು ವ್ಯವಸ್ಥೆಗಳಿವೆ. ಪೊಲೀಸ್ ಸುಧಾರಣೆ ಕೋರಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು, ಪೊಲೀಸರ ಮೇಲಿನ ದೂರುಗಳನ್ನು ನೋಡಲು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪ್ರತ್ಯೇಕ ಪ್ರಾಧಿಕಾರಗಳಿರಬೇಕು, ಅವುಗಳ ಮುಖ್ಯಸ್ಥಾನದಲ್ಲಿ ನಿವೃತ್ತ ನ್ಯಾಯಾಧೀಶರಿರಬೇಕು ಎಂದು ನಿರ್ದೇಶಿಸಿತು. ಕರ್ನಾಟಕದಲ್ಲೂ ಪೊಲೀಸ್ ದೂರು ಪ್ರಾಧಿಕಾರವಿದೆ. ಆದರೆ ಠಾಣೆಯ ಗೋಡೆಯ ಮೇಲೆ ಅದರ ಹೆಸರನ್ನು ನಾನು ಓದಿದ ನೆನಪಿಲ್ಲ, ತೆರೆದ ಮನೆಯ ಭಾಷಣಗಳಲ್ಲಿ ಅದರ ಪ್ರಸ್ತಾಪವನ್ನೂ ಕೇಳಿಲ್ಲ. 2020ರ ಡಿಸೆಂಬರ್ 2ರ ಇನ್ನೊಂದು ಆದೇಶದಲ್ಲಿ ಅದೇ ನ್ಯಾಯಾಲಯ ಪ್ರತಿ ಠಾಣೆಯ ಬಾಗಿಲು, ಲಾಕಪ್, ಮೊಗಸಾಲೆ, ಅಧಿಕಾರಿಗಳ ಕೋಣೆಗಳಲ್ಲಿ ಸಿಸಿಟಿವಿ ಇರಬೇಕು, ಚಿತ್ರಗಳನ್ನು 18 ತಿಂಗಳು ಉಳಿಸಿಡಬೇಕು ಎಂದಿತು. ಮಗುವೊಂದು ನಡೆದದ್ದನ್ನು ಹೇಳಲು ವರ್ಷವೇ ಹಿಡಿಯಬಹುದು ಎಂಬುದನ್ನು ನೆನೆದರೆ ಈ 18 ತಿಂಗಳ ಬೆಲೆ ಗೊತ್ತಾಗುತ್ತದೆ. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರಕ್ಕೆ ಯಾರನ್ನು ಹೊಣೆ ಮಾಡಬೇಕು ಎಂಬುದನ್ನು ಜಿಲ್ಲೆಯ ವರಿಷ್ಠಾಧಿಕಾರಿಯಿಂದಲೇ ಕೇಳುವ ಅಭ್ಯಾಸ ನಮಗೆ ಬರಬೇಕು.

ಇಲಾಖೆಯಿಂದ ನಾನು ಬಯಸುವುದು ದೊಡ್ಡದೇನಲ್ಲ. ಮಗುವಿನ ದೂರು ಬಂದ ದಿನವೇ ಆ ಅಧಿಕಾರಿಯನ್ನು ಮಕ್ಕಳು ಬರುವ ಯಾವ ಜಾಗದಲ್ಲೂ ಇರಿಸಬಾರದು. ಬೇರೆ ಠಾಣೆಗೆ ವರ್ಗ ಮಾಡಿದರೆ ಬೇರೆ ಊರಿನ ಮಕ್ಕಳ ಬಳಿಗೆ ಕಳಿಸಿದಂತೆಯೇ ಆಗುತ್ತದೆ. ತನಿಖೆ ಆ ಜಿಲ್ಲೆಯ ಕೈಯಲ್ಲಿ ಇರಬಾರದು. ಬರೆದುಕೊಟ್ಟ ಸಹೋದ್ಯೋಗಿಯ ರಜೆ, ವರ್ಗಾವಣೆ, ಬಡ್ತಿಗಳನ್ನು ಅವನ ಠಾಣೆಯವರು ಮುಟ್ಟದ ಹಾಗೆ ನೋಡಿಕೊಳ್ಳಬೇಕು. ನನ್ನ ಆ ಹೆಡ್ ಕಾನ್‌ಸ್ಟೇಬಲ್ ಶಿಷ್ಯನಂಥವರು ಒಂದು ಹಾಳೆಯ ಮೇಲೆ ಸಹಿ ಹಾಕಲು ಧೈರ್ಯ ಮಾಡಿದರೆ ಎಷ್ಟೋ ಮಕ್ಕಳ ಬಾಲ್ಯ ಉಳಿಯುತ್ತದೆ, ಆ ಧೈರ್ಯವನ್ನು ಅವರೊಬ್ಬರ ಎದೆಗಾರಿಕೆಯ ಮೇಲೆಯೇ ಬಿಟ್ಟುಬಿಡುವುದು ನ್ಯಾಯವಲ್ಲ.

ನಿವೃತ್ತಿಯ ಹಿಂದಿನ ವರ್ಷ ಮತ್ತೊಮ್ಮೆ ತೆರೆದ ಮನೆಗೆ ಕರೆ ಬಂತು. ಹೊರಡುವ ಮುಂಚಿನ ದಿನ ಪಾಠ ನಿಲ್ಲಿಸಿ, ಪೊಲೀಸರಲ್ಲಿ ಬಹಳಷ್ಟು ಮಂದಿ ನಿಮ್ಮನ್ನು ಕಾಯುವವರು, ಒಬ್ಬರು ಹಾಗಿಲ್ಲದಿದ್ದರೂ ಹೇಳಿಕೊಳ್ಳಲು ಜಾಗಗಳಿವೆ ಎಂದು ಮಕ್ಕಳಿಗೆ ಹೇಳಿ, ಆ ಜಾಗಗಳನ್ನು ಬೋರ್ಡಿನ ಮೇಲೆ ಬರೆದೆ: ಮಕ್ಕಳ ಸಹಾಯವಾಣಿ 1098, ಕಾನೂನು ಸೇವೆಗಳ ಸಹಾಯವಾಣಿ 15100, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಪೋಕ್ಸೊ ವಿಶೇಷ ನ್ಯಾಯಾಲಯ. ಹುಡುಗನೊಬ್ಬ ಕೈಯೆತ್ತಿ, “ಕೋರ್ಟ್ ಎಲ್ಲಿದೆ ಟೀಚರ್, ಯಾವ ಬಸ್ಸು?” ಎಂದ. ನನಗೆ ಗೊತ್ತಿರಲಿಲ್ಲ. ಆ ಶನಿವಾರ ಜಿಲ್ಲಾ ಕೇಂದ್ರಕ್ಕೆ ಹೋಗಿ, ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ, ಸಮಿತಿಯ ವಿಳಾಸವನ್ನೂ ನ್ಯಾಯಾಲಯದ ಕಟ್ಟಡವನ್ನೂ ಬಸ್ ನಿಲ್ದಾಣದಿಂದ ಅಲ್ಲಿಗೆ ಹೋಗುವ ದಾರಿಯನ್ನೂ ಬರೆದುಕೊಂಡು ಬಂದೆ. ಮುಖ್ಯೋಪಾಧ್ಯಾಯರು ಪೇಂಟರನ್ನು ಕರೆಸಿದರು. ಬಿಸಿಯೂಟದ ಪಟ್ಟಿ ಬರೆದಿರುವ ಗೋಡೆಯ ಮೇಲೆ, ಸೋಮವಾರದಿಂದ ಶನಿವಾರದವರೆಗಿನ ಊಟದ ಪಕ್ಕದಲ್ಲಿ, ಈಗ ಆ ವಿಳಾಸ ಮತ್ತು ನಂಬರುಗಳಿವೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಮಕ್ಕಳು ದಿನಾ ಅದನ್ನು ಓದುತ್ತಾರೆ. ಹಿಂದಿನ ಸಾಲಿನಿಂದ ಎದ್ದು ನಿಂತು ಕೇಳಿದ ಆ ಹುಡುಗಿ ಓದುತ್ತಿದ್ದ ವರ್ಷಗಳಲ್ಲಿ ಆ ಜಾಗದಲ್ಲಿ ಬರೀ ಸುಣ್ಣ ಬಳಿದಿತ್ತು.